ಗಾಜಿನ ತೊಟ್ಟಿಯ ರೋಗಿ

ಮುಂಬಯಿಯ ಫ್ಲ್ಯಾಟುಗಳಲ್ಲಿ ಆಕಳನ್ನು ಕಟ್ಟುವಂತಿಲ್ಲ. ನಾಯಿಯನ್ನು ತಂದರೆ ನೆರೆಯವರ ಗೊಣಗಾಟ. ಆದಕಾರಣ ಬೊರಿವಲಿಯಂತಹ ಉಪನಗರಗಳಲ್ಲಿ ಮಕ್ಕಳ ಪ್ರಾಣಿಪ್ರೀತಿಯು ಬಹುಮಟ್ಟಿಗೆ ಗಾಜಿನ ತೊಟ್ಟಿಯೊಂದರಲ್ಲಿ ನೆಲೆಗೊಳ್ಳುತ್ತದೆ. ಕುರ್ಲಾದಿಂದಲೋ ಕ್ರಾಫರ್ಡ್ ಮಾರುಕಟ್ಟೆಯಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ, ಲೋಕಲ್ ಗಾಡಿಯ ನೂಕುನುಗ್ಗಲನ್ನು ದಾಟಿ ಬಂದ ಹೊಂಬಣ್ಣದ ಮೀನು ಹತ್ತೇ ದಿನಗಳಲ್ಲಿ ಮಗ್ಗುಲಾಗಿ ತೇಲಿದಾಗ, "ಅದರ ಆಯುಷ್ಯವೇ ಅಷ್ಟು" ಎಂದು ಹಿರಿಯರು ಮಗುವನ್ನು ಸಂತೈಸುವುದುಂಟು. ಇದು ಸತ್ಯವಲ್ಲ. ಸರಿಯಾಗಿ ಸಾಕಿದ ಗೋಲ್ಡ್‌ಫಿಶ್ ಹತ್ತು ವರ್ಷಗಳಿಗೂ ಮಿಕ್ಕಿ ಬದುಕಬಲ್ಲದು.

ಮೀನು ಕಾಯಿಲೆ ಬಿದ್ದಾಗ ಮೊದಲು ಪರೀಕ್ಷಿಸಬೇಕಾದುದು ನೀರನ್ನು. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಳದ ಹರಳುಗಳಲ್ಲಿಯೂ ಫಿಲ್ಟರಿನಲ್ಲಿಯೂ ನೆಲೆಸುವ ಬ್ಯಾಕ್ಟೀರಿಯಗಳು ಈ ವಿಷವನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ನಾಲ್ಕಾರು ವಾರಗಳು ಬೇಕು. ಪ್ರತಿ ಭಾನುವಾರ ನೀರನ್ನೆಲ್ಲ ಚೆಲ್ಲಿ, ಹರಳುಗಳನ್ನು ಪಾತ್ರೆ ತಿಕ್ಕಿದಂತೆ ತಿಕ್ಕಿ, ನಲ್ಲಿಯ ಕ್ಲೋರಿನ್ ನೀರನ್ನು ತುಂಬಿಸುವ ಗೃಹಿಣಿಯ ಶುಚಿತ್ವ ಮೆಚ್ಚತಕ್ಕದ್ದೇ. ಆದರೆ ಮೀನಿಗೆ ಅದು ಪ್ರಾಣಾಂತಿಕ.

ನೀರು ಬದಲಿಸಿದ ಕೆಲವೇ ಗಂಟೆಗಳಲ್ಲಿ ಎಲ್ಲ ಮೀನುಗಳೂ ಒಟ್ಟಿಗೆ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡತೊಡಗಿದರೆ ದೋಷವು ನೀರಿನದೆಂದೇ ಬಗೆಯಬೇಕು. ಒಂದೇ ಮೀನು ರೆಕ್ಕೆ ಮುದುಡಿಕೊಂಡು ಮೂಲೆ ಸೇರಿದ್ದರೆ ರೋಗವನ್ನು ಶಂಕಿಸಬಹುದು. ಮೊದಲನೆಯದಕ್ಕೆ ಔಷಧ ಬೇಡ. ಎರಡು ದಿನ ಆಹಾರ ನಿಲ್ಲಿಸಿ, ಗಾಳಿಯ ಪಂಪನ್ನು ನಡೆಸುತ್ತ, ದಿನಂಪ್ರತಿ ಕಾಲುಭಾಗ ನೀರನ್ನು ಬದಲಾಯಿಸಿದರೆ ಸಾಕು. ಹೊಸ ನೀರು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟದ್ದಾಗಿರಲಿ. ಹಿಂದೆ ಛಾಯಾಗ್ರಾಹಕರು ಬಳಸುತ್ತಿದ್ದ ಹೈಪೋ ಹರಳೂ ಕ್ಲೋರಿನ್ನನ್ನು ನಿವಾರಿಸುತ್ತದೆ.

ನಿಜವಾದ ರೋಗಗಳಲ್ಲಿ ಬಿಳಿಚುಕ್ಕೆ ರೋಗವು ಸರ್ವಸಾಮಾನ್ಯ. ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಬೊರಿವಲಿಯಲ್ಲಿ ಡಿಸೆಂಬರ್–ಜನವರಿಯ ರಾತ್ರಿಗಳು ತುಸು ತಂಪು. ಆಗ ನೀರಿನ ಉಷ್ಣತೆ ಹಠಾತ್ತನೆ ಇಳಿದರೆ ಮೀನಿನ ನಿರೋಧಶಕ್ತಿಯೂ ಕುಗ್ಗುತ್ತದೆ. ಮೈಮೇಲೆ ಉಪ್ಪು ಉದುರಿಸಿದಂತೆ ಚುಕ್ಕೆಗಳೇಳುತ್ತವೆ. ಮೀನು ಹರಳಿಗೆ ಮೈ ಉಜ್ಜುತ್ತದೆ. ಆದರೆ ಸಂತಾನೋತ್ಪತ್ತಿಯ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೂ ಮುಂದಿನ ರೆಕ್ಕೆಯ ಅಂಚಿನಲ್ಲೂ ಇಂತಹುದೇ ಬಿಳಿ ಗುಳ್ಳೆಗಳು ಸಾಲಾಗಿ ಮೂಡುತ್ತವೆ. ಅದು ಯೌವನದ ಲಕ್ಷಣ! ಅದಕ್ಕೆ ಮದ್ದು ಹಾಕಿದವರು ಕಡಿಮೆಯಿಲ್ಲ.

ಈ ರೋಗದ ಪರೋಪಜೀವಿಯು ಚರ್ಮದೊಳಗೆ ಅಡಗಿರುವಷ್ಟು ಕಾಲ ಯಾವ ಔಷಧವೂ ಅದನ್ನು ಮುಟ್ಟಲಾರದು. ಬಲಿತ ಮೇಲೆ ತಳಕ್ಕೆ ಉದುರಿ, ಕೋಶ ಕಟ್ಟಿ, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಎರಡು ದಿನಗಳೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಔಷಧ ಫಲಿಸುವುದು ಈ ಅಲೆದಾಟದ ಹಂತದಲ್ಲಿ ಮಾತ್ರ. ನೀರನ್ನು ಕ್ರಮವಾಗಿ ೨೮–೩೦ ಡಿಗ್ರಿಗೇರಿಸಿದರೆ ಈ ಚಕ್ರ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಜೊತೆಗೆ ಲೀಟರಿಗೆ ಒಂದೆರಡು ಗ್ರಾಂ ಉಪ್ಪು ಸೇರಿಸಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾದುದರಿಂದ ಗಾಳಿಯ ಪಂಪು ನಿಲ್ಲಕೂಡದು. ಚುಕ್ಕೆ ಮಾಯವಾದೊಡನೆ ಚಿಕಿತ್ಸೆ ನಿಲ್ಲಿಸುವುದು ಒಂದು ಕಂತು ಕಟ್ಟಿ ಸಾಲ ತೀರಿತೆಂದು ತಿಳಿದಂತೆ. ಇನ್ನೂ ಒಂದು ವಾರ ಮುಂದುವರಿಸಬೇಕು. ಮೆಥಿಲೀನ್ ಬ್ಲೂ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಕೊಲ್ಲುವುದರಿಂದ ಅದನ್ನು ಪ್ರತ್ಯೇಕ ಪಾತ್ರೆಯಲ್ಲೇ ಬಳಸತಕ್ಕದ್ದು.

ರೆಕ್ಕೆ ಕೊಳೆತರೆ ಮೊದಲ ಉಪಚಾರ ಶುದ್ಧ ನೀರೇ. ಹೊಟ್ಟೆಯುಬ್ಬಿ ಹುರುಪೆಗಳು ನಿಗುರಿ ನಿಂತ ಮೀನು ಬದುಕುವುದು ಅಪರೂಪ. ಮನೆಯಲ್ಲುಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ತೊಟ್ಟಿಗೆ ಸುರಿಯುವ ಪದ್ಧತಿಯಂತೂ ಸರ್ವಥಾ ತ್ಯಾಜ್ಯ. ಮೀನಿನ ವೈದ್ಯವು ಊಹೆಯ ಮಾತಲ್ಲ. ೧೯೬೧ರಲ್ಲಿ ಸ್ಥಾಪಿತವಾದ, ವರ್ಸೋವಾದ ಕೇಂದ್ರೀಯ ಮತ್ಸ್ಯ ಶಿಕ್ಷಣ ಸಂಸ್ಥೆಯಲ್ಲಿಯೂ, ೧೯೬೯ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿಯೂ ಅದು ಅಧ್ಯಯನದ ವಿಷಯ.

ಮನೆಯವರ ಆರೋಗ್ಯವೂ ಇಲ್ಲಿ ಅಡಗಿದೆ. ಕ್ಷಯದ ರೋಗಾಣುವಿನ ದಾಯಾದಿಯಾದ ಮೈಕೊಬ್ಯಾಕ್ಟೀರಿಯಂ ಮರೀನಮ್ ಸೊರಗಿದ ಮೀನಿನಿಂದ, ಗಾಯಗೊಂಡ ಬೆರಳಿನ ಮೂಲಕ ಮನುಷ್ಯನ ಚರ್ಮವನ್ನು ಸೇರಬಲ್ಲದು. ಕೆಲವು ವಾರಗಳ ಬಳಿಕ ಕೈಯಲ್ಲಿ ಮಾಯದ ಗಂಟೊಂದು ಕಾಣಿಸುತ್ತದೆ. ಅದಕ್ಕೆ ತಿಂಗಳುಗಟ್ಟಲೆ ಔಷಧ ಬೇಕಾಗಬಹುದು. ಆದುದರಿಂದ ಗಾಯವಿದ್ದಾಗ ಕೈಗವಸಿಲ್ಲದೆ ತೊಟ್ಟಿಗೆ ಕೈಯಿಕ್ಕಬಾರದು. ಅಂತಹ ಗಂಟು ಕಂಡರೆ, ಮನೆಯಲ್ಲಿ ಮೀನಿನ ತೊಟ್ಟಿಯಿರುವುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಬೇಕು.