ಪ್ರೇರಿತ ವಿದ್ಯುತ್ತೂ ಸುರುಳಿಯ ಬಿಸಿಯೂ

ತಾಮ್ರದ ತಂತಿಯನ್ನು ಸುರುಳಿಯಾಗಿ ಸುತ್ತಿ, ಅದರ ಎರಡು ತುದಿಗಳನ್ನೂ ಒಂದಕ್ಕೊಂದು ಬೆಸೆದು, ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಹಿಡಿದು, ಥಟ್ಟನೆ ಹೊರಕ್ಕೆ ಎಳೆದರೆ ಆ ಸುರುಳಿ ಅಷ್ಟಿಷ್ಟು ಬೆಚ್ಚಗಾಗುತ್ತದೆ. ಅಲ್ಲಿ ಬೆಂಕಿಯಿಲ್ಲ, ಬ್ಯಾಟರಿಯಿಲ್ಲ. ಅಯಸ್ಕಾಂತವು ತಂತಿಯನ್ನು ಸೋಂಕಿಯೂ ಇಲ್ಲ. ಹಾಗಾದರೆ ಈ ಬಿಸಿ ಎಲ್ಲಿಂದ ಬಂದಿತು? ಎಷ್ಟು ಬಂದಿತೆಂಬುದನ್ನು ಲೆಕ್ಕಹಾಕಿದ ಹೊರತು ಎಲ್ಲಿಂದ ಬಂದಿತೆಂಬುದು ತಿಳಿಯುವಂತಿಲ್ಲ. ಕರಿಹಲಗೆಯ ನೆರವಿಲ್ಲದೆ ಲೆಕ್ಕವನ್ನು ಹೇಳುವುದು ಮೇಷ್ಟರುಗಳಾದ ನಮಗೆ ಸ್ವಲ್ಪ ಪ್ರಯಾಸದ ಕೆಲಸ. ಆದಕಾರಣ ಸುಲಭವಾದ ಅಂಕಿಗಳನ್ನೇ ಆರಿಸಿಕೊಂಡಿದ್ದೇವೆ. ಕೇಳುವವರು ಒಂದು ಚೂರು ಕಾಗದವನ್ನು ಪಕ್ಕದಲ್ಲಿಟ್ಟುಕೊಂಡರೆ ಉಪಕಾರವಾದೀತು.

ಇದರ ಮೂಲವನ್ನು ಕಂಡವನು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿದ್ದ ಮೈಕೇಲ್ ಫ್ಯಾರಡೆ. 1831ನೆಯ ಇಸವಿ ಆಗಸ್ಟ್ 29ರಂದು ಅವನು ಕಬ್ಬಿಣದ ಬಳೆಯೊಂದರ ಎರಡು ಪಾರ್ಶ್ವಗಳಿಗೆ ಎರಡು ತಂತಿಗಳನ್ನು ಸುತ್ತಿ, ಒಂದರಲ್ಲಿ ಪ್ರವಾಹವನ್ನು ಹರಿಸಿದನು. ಪ್ರವಾಹವು ಸ್ಥಿರವಾಗಿದ್ದಾಗ ಇನ್ನೊಂದರಲ್ಲಿ ಏನೂ ಇಲ್ಲ. ಅದು ಹೊರಡುವ ಕ್ಷಣದಲ್ಲಿ ಮತ್ತು ನಿಲ್ಲುವ ಕ್ಷಣದಲ್ಲಿ ಮಾತ್ರ ಸೂಜಿ ಅಲುಗಿತು. ಅದೇ ವರ್ಷ ಅಕ್ಟೋಬರ್ 17ರಂದು ಬರಿಯ ಅಯಸ್ಕಾಂತದ ಸಲಾಕೆಯನ್ನು ಸುರುಳಿಯೊಳಕ್ಕೆ ನೂಕಿಯೂ ಎಳೆದೂ ಸೂಜಿಯನ್ನು ಅಲುಗಿಸಿದನು. ಎಂದಮೇಲೆ ಬೇಕಾದುದು ಅಯಸ್ಕಾಂತದ ಇರವಲ್ಲ, ಬದಲಾವಣೆ. ಸುರುಳಿಯ ಮೂಲಕ ಹಾಯುವ ಬಲರೇಖೆಗಳ ಸಂಖ್ಯೆ ಎಷ್ಟು ಬೇಗ ಬದಲಾಗುವುದೋ ಅಷ್ಟು ಹೆಚ್ಚಿನ ಒತ್ತಡವು ಅದರಲ್ಲಿ ಹುಟ್ಟುತ್ತದೆ. ಒಂದು ಸೆಕೆಂಡಿಗೆ ಹತ್ತು ಕೋಟಿ ರೇಖೆಗಳು ಬದಲಾದರೆ ಒಂದು ವೋಲ್ಟ್ ಎಂಬುದು ಹಳೆಯ ಅಳತೆ. ಇಲ್ಲಿ ಅದೇ ಅನುಕೂಲ.

ಈಗ ನಮ್ಮ ಸುರುಳಿಯನ್ನು ನೋಡೋಣ. ಹತ್ತು ಸೆಂಟಿಮೀಟರ್ ಬದಿಯ ಚೌಕ, 100 ಸುತ್ತು, ತಂತಿಯ ರೋಧ 2 ಓಂ. ಧ್ರುವಗಳ ನಡುವಣ ಕ್ಷೇತ್ರ 5,000 ಗೌಸ್, ಎಂದರೆ ಚದರ ಸೆಂಟಿಮೀಟರಿಗೆ 5,000 ರೇಖೆ. ಚೌಕದ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಆದ್ದರಿಂದ ಒಂದೊಂದು ಸುತ್ತಿನಲ್ಲಿ 5 ಲಕ್ಷ ರೇಖೆ, 100 ಸುತ್ತುಗಳಲ್ಲಿ 5 ಕೋಟಿ. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಒಂದೇ ಸಮನಾಗಿ ಎಳೆದು ಹೊರತೆಗೆದರೆ, ಬದಲಾವಣೆಯು ಸೆಕೆಂಡಿಗೆ 50 ಕೋಟಿಯಂತಾಯಿತು; ಒತ್ತಡ 5 ವೋಲ್ಟ್. ರೋಧದಿಂದ ಭಾಗಿಸಿದರೆ ಪ್ರವಾಹ ಎರಡೂವರೆ ಆಂಪೇರ್. ಸುರುಳಿಯು ತನ್ನ ಪ್ರವಾಹದ ಬದಲಾವಣೆಯನ್ನು ತಾನೇ ತಡೆಯುವ ಗುಣವೊಂದುಂಟು. ಲೆಕ್ಕ ಗೋಜಲಾದೀತೆಂದು ಅದನ್ನು ಬಿಟ್ಟಿದ್ದೇವೆ. ಕ್ಷೇತ್ರವು ಧ್ರುವಗಳ ಅಂಚಿನಲ್ಲಿ ಚಾಕುವಿನಿಂದ ಕತ್ತರಿಸಿದಂತೆ ಮುಗಿಯುವುದೆಂದೂ ಭಾವಿಸಿದ್ದೇವೆ.

ಇನ್ನು ಬಿಸಿಯ ಮಾತು. ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೂ ರೋಧಕ್ಕೂ ಕಾಲಕ್ಕೂ ಅನುಗುಣವಾದುದೆಂದು 1841ರಲ್ಲಿ ಪ್ರಕಟಿಸಿದವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. ಎರಡೂವರೆಯ ವರ್ಗ ಆರೂಕಾಲು. ಅದನ್ನು 2ರಿಂದ ಗುಣಿಸಿದರೆ ಹನ್ನೆರಡೂವರೆ. ಅದರ ಹತ್ತನೆಯ ಒಂದು ಭಾಗ ಒಂದೂಕಾಲು ಜೂಲ್. ಕ್ಯಾಲೊರಿಯಲ್ಲಿ ಹೇಳುವುದಾದರೆ ಸುಮಾರು 0.3. ಈ ಅಳತೆಯ ತಾಮ್ರದ ಸುರುಳಿಯ ತೂಕ ಸುಮಾರು 120 ಗ್ರಾಂ. ಇಷ್ಟು ಉಷ್ಣದಿಂದ ಅದರ ಬಿಸಿ ಏರುವುದು ಸೆಂಟಿಗ್ರೇಡಿನ ಒಂದು ಡಿಗ್ರಿಯ ನಾಲ್ಕನೆಯ ಒಂದು ಪಾಲೂ ಅಲ್ಲ, ಸುಮಾರು ನಲವತ್ತನೆಯ ಒಂದು ಪಾಲು. ಬೆರಳಿಗೆ ಗೊತ್ತಾಗದು.

ಇಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಒಂದು ಜಾಗವುಂಟು. ಅದೇ ಸುರುಳಿಯನ್ನು ಅರ್ಧ ಕಾಲದಲ್ಲಿ ಎಳೆದರೆ? ಪ್ರವಾಹ ಇಮ್ಮಡಿ, ಕಾಲ ಅರ್ಧ. ಆದುದರಿಂದ ಬಿಸಿ ಮೊದಲಿನಷ್ಟೇ ಎಂದು ಬಹುಮಂದಿ ಬರೆಯುತ್ತಾರೆ. ತಂತಿಯಲ್ಲಿ ಹರಿದುಹೋದ ವಿದ್ಯುತ್ತಿನ ಒಟ್ಟು ಮೊತ್ತಕ್ಕೆ ಈ ಮಾತು ಸರಿಯೇ. ಅದು ಎರಡು ಸಲವೂ ಕಾಲು ಕೂಲಂಬ್. ಬಿಸಿಯಾದರೋ ಪ್ರವಾಹದ ವರ್ಗವನ್ನು ಅನುಸರಿಸುವುದು. ಪ್ರವಾಹ ಇಮ್ಮಡಿಯಾದರೆ ಬಿಸಿ ನಾಲ್ಮಡಿ, ಕಾಲ ಅರ್ಧವಾದುದರಿಂದ ಇಮ್ಮಡಿ, ಎಂದರೆ ಎರಡೂವರೆ ಜೂಲ್. ಅಯಸ್ಕಾಂತ ಅದೇ, ಸುರುಳಿ ಅದೇ, ಎಳೆದ ದೂರವೂ ಅದೇ; ಅವಸರಪಟ್ಟುದಕ್ಕೆ ಹೆಚ್ಚಿನ ಬಿಸಿ! ಅದನ್ನು ಕೊಟ್ಟವರಾರು?

ಎಳೆದ ಕೈಯನ್ನೇ ವಿಚಾರಿಸೋಣ. ಪ್ರೇರಿತ ಪ್ರವಾಹವು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನು ವಿರೋಧಿಸುವ ದಿಕ್ಕಿನಲ್ಲಿಯೇ ಹರಿಯುವುದೆಂದು 1834ರಲ್ಲಿ ಲೆಂಜ್ ಎಂಬ ವಿದ್ವಾಂಸನು ತೋರಿಸಿದನು. ಚೌಕವು ಹೊರಬರುವಾಗ ಅದರ ಮುಂದಿನ ಬದಿಯು ಆಗಲೇ ಕ್ಷೇತ್ರದಿಂದಾಚೆಗಿದೆ. ಪಕ್ಕದ ಬದಿಗಳ ಸೆಳೆತ ಒಂದಕ್ಕೊಂದು ವಜಾ ಆಗುತ್ತದೆ. ಹಿಂದಿನ ಬದಿಯ 100 ತಂತಿಗಳನ್ನು ಮಾತ್ರ ಕ್ಷೇತ್ರವು ಹಿಡಿದು ಜಗ್ಗುತ್ತದೆ. ಮೊದಲ ಸಲದ ಲೆಕ್ಕದಲ್ಲಿ ತಂತಿಯೊಂದಕ್ಕೆ 12,500 ಡೈನ್, ಒಟ್ಟು ಹನ್ನೆರಡೂವರೆ ಲಕ್ಷ ಡೈನ್. ಸುಮಾರು ಒಂದೂಕಾಲು ಕಿಲೋಗ್ರಾಂ ತೂಕವನ್ನು ಎತ್ತಿಹಿಡಿದಷ್ಟು. ಬೆಲ್ಲದ ಪಾಕದೊಳಗಿಂದ ಸೌಟನ್ನು ಎಳೆದಂತೆ ಕೈಗೆ ಭಾಸವಾಗುತ್ತದೆ. ಈ ಬಲದಿಂದ ಹತ್ತು ಸೆಂಟಿಮೀಟರ್ ಎಳೆದರೆ ಮಾಡಿದ ಕೆಲಸ 125 ಲಕ್ಷ ಅರ್ಗ್. ಒಂದು ಕೋಟಿ ಅರ್ಗಿಗೆ ಒಂದು ಜೂಲ್. ಆದ್ದರಿಂದ ಒಂದೂಕಾಲು ಜೂಲ್. ಬಿಸಿಯ ಲೆಕ್ಕದಲ್ಲಿ ಬಂದುದೂ ಇದೇ ಅಂಕಿ. ಇಮ್ಮಡಿ ವೇಗದಿಂದ ಎಳೆದಾಗ ಜಗ್ಗುವ ಬಲವೂ ಇಮ್ಮಡಿ. ಕೆಲಸ ಎರಡೂವರೆ ಜೂಲ್. ಅಯಸ್ಕಾಂತವು ಕಾಸನ್ನೂ ಬಿಚ್ಚಲಿಲ್ಲ. ಪೂರ್ತಿ ತೆತ್ತದ್ದು ತೋಳು.

ಇಂದು ಸಹಜವೆಂದು ತೋರುವ ಈ ಮಾತು ಆ ಕಾಲದಲ್ಲಿ ಸಹಜವಾಗಿರಲಿಲ್ಲ. ಉಷ್ಣವೆಂಬುದು ಹುಟ್ಟದ, ಅಳಿಯದ ಒಂದು ಸೂಕ್ಷ್ಮದ್ರವವೆಂದು ಅನೇಕರು ನಂಬಿದ್ದರು. ಹಾಗಿದ್ದರೆ ಸುರುಳಿಯ ಬಿಸಿಯು ಯಂತ್ರದ ಬೇರೊಂದು ಭಾಗದಿಂದ ಸಾಗಿಬಂದಿರಬೇಕು, ಆ ಭಾಗ ತಣ್ಣಗಾಗಿರಬೇಕು. 1843ರಲ್ಲಿ ಜೂಲನು ಸುರುಳಿಯನ್ನು ನೀರು ತುಂಬಿದ ಗಾಜಿನ ಕೊಳವೆಯಲ್ಲಿ ಮುಚ್ಚಿ, ಅಯಸ್ಕಾಂತದ ಧ್ರುವಗಳ ನಡುವೆ ಗರಗರನೆ ತಿರುಗಿಸಿ, ಪ್ರವಾಹವನ್ನೂ ನೀರಿನ ಬಿಸಿಯನ್ನೂ ಒಟ್ಟಿಗೆ ಅಳೆದನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಪ್ರೇರಿತ ಪ್ರವಾಹವು ಬಿಸಿಯನ್ನು ಸಾಗಿಸುತ್ತಿರಲಿಲ್ಲ, ಹುಟ್ಟಿಸುತ್ತಿತ್ತು. ಒಂದು ಪೌಂಡು ನೀರನ್ನು ಫ್ಯಾರನ್‌ಹೀಟಿನ ಒಂದು ಡಿಗ್ರಿ ಕಾಯಿಸಲು 838 ಅಡಿ-ಪೌಂಡು ಕೆಲಸ ಬೇಕೆಂದು ಆ ಪ್ರಯೋಗಗಳಿಂದ ಅವನು ಗುಣಿಸಿದನು. ಈಗಿನ ಬೆಲೆ ಸುಮಾರು 778. ಕಾರ್ಕ್ ನಗರದ ವಿದ್ವತ್ಸಭೆಯಲ್ಲಿ ಇದನ್ನು ಓದಿದಾಗ ಹೆಚ್ಚು ಮಂದಿ ಕಿವಿಗೊಡಲಿಲ್ಲವಂತೆ. ಉಪನ್ಯಾಸ ಮಾಡುವವರಿಗೆ ಇದೊಂದು ಸಮಾಧಾನ.

ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು ಸುಮಾರು 90 ಮೈಲಿಯಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದಾಗಲೂ ಇದೇ ಲೆಕ್ಕ. ದಾರಿಯ ತಂತಿಯಲ್ಲಿ ಬಿಸಿಯಾಗಿ ಪೋಲಾಗುವುದು ಪ್ರವಾಹದ ವರ್ಗದಂತೆ; ಒತ್ತಡವನ್ನು ಹತ್ತುಮಡಿ ಮಾಡಿ ಪ್ರವಾಹವನ್ನು ಹತ್ತರಲ್ಲೊಂದಕ್ಕಿಳಿಸಿದರೆ ಪೋಲು ನೂರರಲ್ಲೊಂದು. ಅತ್ತ ಗಣಿಯಲ್ಲಿ ಯಂತ್ರದ ಹೊರೆ ಏರಿದರೆ ಇತ್ತ ಜಲಚಕ್ರದ ತಿರುಗು ಭಾರವಾಗುತ್ತದೆ. ಇನ್ನಷ್ಟು ನೀರನ್ನು ಬಿಡಲೇಬೇಕು.

ಮನೆಯಲ್ಲಿ ಬೈಸಿಕಲ್ಲಿನ ಹಳೆಯ ಡೈನಮೋ ಇದ್ದರೆ ಪರೀಕ್ಷಿಸಿ ನೋಡಬಹುದು. ದೀಪದ ತಂತಿಯನ್ನು ಕಳಚಿ, ಅದರ ತಲೆಯನ್ನು ಬೆರಳುಗಳಿಂದ ಚುರುಕಾಗಿ ತಿರುಗಿಸಿ. ಒಳಗೆ ಒತ್ತಡ ಹುಟ್ಟಿಯೇ ಇರುತ್ತದೆ; ಆದರೆ ದಾರಿಯಿಲ್ಲದುದರಿಂದ ಪ್ರವಾಹವಿಲ್ಲ. ಕಾಂತಗಳು ಕಬ್ಬಿಣವನ್ನು ಹಿಡಿದು ಬಿಡುವ ಗಟುಕುಗಳಷ್ಟೇ ಬೆರಳಿಗೆ ಸಿಕ್ಕುವುವು. ಅನಂತರ ಎರಡು ತುದಿಗಳನ್ನೂ ಒಂದು ತುಂಡು ತಂತಿಯಿಂದ ಕೂಡಿಸಿ, ಅದೇ ಚುರುಕಿನಿಂದ ಮತ್ತೆ ತಿರುಗಿಸಿ. ಆಗ ಬೆರಳಿಗೆ ಹೆಚ್ಚಾಗಿ ತಗಲುವ ಭಾರವೇ ಒಳಗಿನ ತಾಮ್ರದಲ್ಲಿ ಬಿಸಿಯಾಗುತ್ತಿರುವುದು.