ಟೇಲರ್ ಸಾಹೇಬರ ಎರಡು ಮನೆತನ

ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಲು ಬಂದವರು ಸಾಮಾನ್ಯವಾಗಿ ಅಲ್ಲಿಂದ ಕಾಣುವ ಊರನ್ನೂ ಸುತ್ತಲಿನ ಬೆಟ್ಟಗಳನ್ನೂ ಕಣ್ತುಂಬಿಕೊಂಡು ಇಳಿದುಹೋಗುತ್ತಾರೆ. 1844ರಲ್ಲಿ ಈ ಬಂಗಲೆ ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಅವರ ಬಾಳಿನ ಅತ್ಯಂತ ಸುಖದ, ಅತ್ಯಂತ ನೋವಿನ ಅಧ್ಯಾಯಗಳೆರಡೂ ಈ ನೆಲಕ್ಕೇ ಸೇರಿದವು. ಆ ಕಥೆಯಲ್ಲಿ ಎರಡು ಮನೆತನಗಳಿವೆ. ಒಂದು ಅವರು ಹುಟ್ಟಿ ಬಂದದ್ದು. ಇನ್ನೊಂದು ಗೋಸಲ ವಂಶದ ಸುರಪುರ ನಾಯಕರದು.

ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನ ವ್ಯಾಪಾರಿಯೊಬ್ಬರ ಮಗನಾಗಿ. ತಾಯಿಯ ತವರು ಸ್ಕಾಟ್ಲೆಂಡಿನ ಗಡಿಗೆ ಹೊಂದಿದ ನಾರ್ತಂಬರ್ಲೆಂಡಿನ ಮಿಟ್‌ಫರ್ಡ್ ಕೋಟೆಯ ಹಳೆಯ ಮನೆತನ. ಆದರೆ ಆ ಕುಲದ ಹೆಸರು ಹೊಟ್ಟೆ ತುಂಬಿಸಲಿಲ್ಲ. ಹದಿನಾರು ತುಂಬುವ ಮೊದಲೇ, 1824ರಲ್ಲಿ, ಹುಡುಗ ಮುಂಬಯಿಯ ವರ್ತಕರೊಬ್ಬರ ಕೈಕೆಳಗೆ ದುಡಿಯಲು ಹಡಗು ಹತ್ತಿದ. ಬಂದು ನೋಡಿದರೆ ಆ ವ್ಯಾಪಾರವೇ ದಿವಾಳಿಯ ಅಂಚಿನಲ್ಲಿತ್ತು. ತಾಯಿಯ ಕಡೆಯ ನೆಂಟರೊಬ್ಬರ ಶಿಫಾರಸಿನಿಂದ ಹೈದರಾಬಾದ್ ನಿಜಾಮರ ಸೇನೆಯಲ್ಲಿ ಕೆಲಸ ಸಿಕ್ಕಿತು. ಮುಂದೆ 1839ರಲ್ಲಿ ‘ಕನ್ಫೆಶನ್ಸ್ ಆಫ್ ಎ ಥಗ್’ ಕಾದಂಬರಿ ಬರೆದು ಇಂಗ್ಲೆಂಡಿನಲ್ಲಿ ಮನೆಮಾತಾದರು.

ಅವರ ಮದುವೆಯ ವಿಷಯವನ್ನು ನಮ್ಮಲ್ಲಿ ಯಾರೂ ಹೆಚ್ಚು ಹೇಳುವುದಿಲ್ಲ. ಹೆಂಡತಿ ಮೇರಿ, ಹೈದರಾಬಾದಿನ ಹೆಸರಾಂತ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು. ಆ ಪಾಮರ್ ಈಸ್ಟ್ ಇಂಡಿಯಾ ಕಂಪನಿಯ ಜನರಲ್ ಒಬ್ಬರಿಗೂ ಫೈಜ್ ಬಕ್ಷ್ ಎಂಬ ಬೇಗಂಗೂ ಹುಟ್ಟಿದವರು. ಅಂದರೆ ಮೇರಿಯ ಅಜ್ಜಿ ಈ ನೆಲದವಳೇ. ಮಿಟ್‌ಫರ್ಡ್ ಕೋಟೆಯ ರಕ್ತವೂ ಆ ಬೇಗಂ ಅವರ ರಕ್ತವೂ ಟೇಲರ್ ಅವರ ಹೆಣ್ಣುಮಕ್ಕಳಾದ ಆಲಿಸ್ ಮತ್ತು ಏಮಿಯಲ್ಲಿ ಕೂಡಿದ್ದವು. ಉರ್ದು, ಮರಾಠಿಯಲ್ಲಿ ಸರಾಗವಾಗಿ ಮಾತಾಡುತ್ತಿದ್ದ ಟೇಲರ್ ಸ್ಥಳೀಯರನ್ನು ದೂರವಿಡದೇ ಬಾಳಿದ್ದಕ್ಕೆ ಈ ಸಂಸಾರವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

1841ರಲ್ಲಿ ಹೈದರಾಬಾದಿನ ರೆಸಿಡೆಂಟ್, ಸ್ಕಾಟ್ಲೆಂಡಿನ ಫ್ರೇಜರ್ ಮನೆತನದ ಜನರಲ್ ಜೇಮ್ಸ್ ಸ್ಟುವರ್ಟ್ ಫ್ರೇಜರ್, ಟೇಲರ್ ಅವರನ್ನು ಸುರಪುರಕ್ಕೆ ಕಳಿಸಿದರು. ಅದು ಸಾಮಾನ್ಯ ಸಂಸ್ಥಾನವಾಗಿರಲಿಲ್ಲ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗಲೂ ಬಗ್ಗದೆ ಹೋರಾಡಿದ ಬೇಡ ನಾಯಕರ ನಾಡು. ಆದರೆ ಟೇಲರ್ ಬರುವ ಹೊತ್ತಿಗೆ ನಿಜಾಮರಿಗೆ ಕೊಡಬೇಕಾದ ನಜರಾನೆಯ ಬಾಕಿಯೂ ಸಾಲವೂ ಬೆಳೆದು ಬೊಕ್ಕಸ ಬರಿದಾಗಿತ್ತು. 1842ರಲ್ಲಿ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ಇನ್ನೂ ಏಳೆಂಟು ವರ್ಷದ ಕೂಸು. ಆಡಳಿತ ಯಾರ ಕೈಗೆ? ಮಗನ ಹೆಸರಿನಲ್ಲಿ ತಾನೇ ಆಳಬೇಕೆಂದು ರಾಣಿ ಈಶ್ವರಮ್ಮ ಪಟ್ಟು ಹಿಡಿದರು. ಕಂಪನಿಯವರ ಒಲವು ಮೃತ ರಾಜರ ತಮ್ಮ ಪಿಡ್ಡ ನಾಯಕರ ಕಡೆಗಿತ್ತು. ಅಣ್ಣತಮ್ಮಂದಿರ ಮನೆಯ ಈ ಜಗಳದ ನಡುವೆ ನಿಂತ ಟೇಲರ್ ಕೊನೆಗೆ ಲಗಾಮನ್ನು ತಮ್ಮ ಕೈಗೇ ತೆಗೆದುಕೊಂಡರು.

ಅದೇ ವರ್ಷಗಳಲ್ಲಿ ಮೇರಿ ತೀರಿಕೊಂಡರು. ಹೆಂಡತಿ ಇಲ್ಲ, ಮಕ್ಕಳು ಕಡಲಾಚೆ. ಇತ್ತ ಅರಮನೆಯಲ್ಲಿ ತಂದೆಯಿಲ್ಲದ ಹುಡುಗ. ಆ ಹುಡುಗ ಸಾಹೇಬರನ್ನು ‘ಅಪ್ಪಾ’ ಎಂದು ಕರೆಯತೊಡಗಿದ. ಟೇಲರ್ ಅವನಿಗೆ ಓದು ಕಲಿಸುವ ಏರ್ಪಾಡು ಮಾಡಿದರು, ಸಂಸ್ಥಾನದ ಲೆಕ್ಕಪತ್ರ ಸರಿಪಡಿಸಿದರು, ಬೋನಾಳದ ಹಳೆಯ ಕೆರೆಯನ್ನು ದುರಸ್ತಿ ಮಾಡಿಸಿದರು. ಇಂದು ಬೋನಾಳ ಪಕ್ಷಿಧಾಮಕ್ಕೆ ಹೋಗಿ ಹಕ್ಕಿಗಳ ಚಿತ್ರ ತೆಗೆಯುವವರು ಆ ಏರಿಯ ಮೇಲೂ ಒಮ್ಮೆ ಕಣ್ಣಾಡಿಸಬೇಕು.

ಬಿಡುವಿನಲ್ಲಿ ಅವರು ಕುದುರೆ ಏರಿ ಕಲ್ಲು ಹುಡುಕುತ್ತಿದ್ದರು. ರಾಜನಕೋಳೂರಿನ ಬೃಹತ್ ಶಿಲಾ ಗೋರಿಗಳು, ಶಹಾಪುರದ ಬಳಿ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಗುಂಡುಗಲ್ಲುಗಳು, ಜೇವರ್ಗಿಯ ಸಮಾಧಿಗಳು. ಇವನ್ನೆಲ್ಲ ಅಳೆದು, ಅಗೆಸಿ, ಚಿತ್ರ ಬರೆದು ಪ್ರಕಟಿಸಿದರು. ದಕ್ಷಿಣ ಭಾರತದ ಪ್ರಾಗಿತಿಹಾಸ ಓದುವವರು ಇವತ್ತಿಗೂ ಯಾದಗಿರಿ, ಕಲಬುರಗಿ ಜಿಲ್ಲೆಗಳ ಈ ಊರುಗಳ ಹೆಸರನ್ನು ಅವರ ಮೂಲಕವೇ ಮೊದಲು ಕೇಳುತ್ತಾರೆ.

1853ರಲ್ಲಿ ವೆಂಕಟಪ್ಪ ನಾಯಕರು ಪ್ರಾಯಕ್ಕೆ ಬಂದರು. ರಾಜ್ಯವನ್ನು ಅವರಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೊರಟರು. ನಾಲ್ಕೇ ವರ್ಷದಲ್ಲಿ ಉತ್ತರದ ದಂಗೆಯ ಸುದ್ದಿ ದಖ್ಖನಿಗೂ ಬಂತು. ಸುರಪುರದಲ್ಲಿ ಅರಬರು, ರೋಹಿಲರು ಸೇರಿದರು. 1858ರ ಫೆಬ್ರುವರಿಯಲ್ಲಿ ಊರ ಹೊರಗೆ ಬೀಡುಬಿಟ್ಟ ಕಂಪನಿಯ ಸೇನೆಯ ಮೇಲೆ ಬೇಡರ ಪಡೆ ರಾತ್ರಿ ಎರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತರು. ಹೆಚ್ಚಿನ ಸೇನೆ ಬರುತ್ತಿದ್ದಂತೆ ರಾಜರು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದರು. ಅಲ್ಲಿ ಅವರನ್ನು ಹಿಡಿದು ಕಂಪನಿಗೆ ಒಪ್ಪಿಸಿದವರು ದಿವಾನ ಸಾಲಾರ್ ಜಂಗ್.

ಸಿಕಂದರಾಬಾದಿನ ಸೆರೆಮನೆಯಲ್ಲಿ ಟೇಲರ್ ಮತ್ತೆ ತಮ್ಮ ಹುಡುಗನನ್ನು ಕಂಡರು. ಆ ಭೇಟಿಯ ವಿವರ ಅವರ ಆತ್ಮಕಥೆಯಲ್ಲಿದೆ, ಓದಿದರೆ ಕರುಳು ಹಿಂಡುತ್ತದೆ. ಯುವ ರಾಜರು ತಬ್ಬಿಕೊಂಡು ಅತ್ತರು. ಆದರೆ ಜೊತೆಗಿದ್ದವರ ಹೆಸರು ಹೇಳಿ ರೆಸಿಡೆಂಟರ ಕರುಣೆ ಬೇಡಲು ಒಪ್ಪಲಿಲ್ಲ. ನೇಣಿಗಿಂತ ತೋಪಿನ ಬಾಯಿಗೆ ಕಟ್ಟುವುದೇ ಮೇಲು, ಸೆರೆಯಲ್ಲಿ ಬೇಡರವನು ಬದುಕಲಾರ ಎಂದರು. ಟೇಲರ್ ಅಲ್ಲಿಗೆ ಬಂದದ್ದು ಅಪ್ಪನಾಗಿಯೂ ಹೌದು, ಸರ್ಕಾರದ ಅಧಿಕಾರಿಯಾಗಿಯೂ ಹೌದು. ಮಗ ಅಪ್ಪನಿಗೆ ತನ್ನ ಕಣ್ಣೀರನ್ನು ಕೊಟ್ಟ, ಅಧಿಕಾರಿಗೆ ಒಂದು ಹೆಸರನ್ನೂ ಕೊಡಲಿಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಆ ಮೌನ.

ರಾಜರಿಗೆ ವಿಧಿಸಿದ್ದ ಮರಣದಂಡನೆಯನ್ನು ಮೊದಲು ಗಡೀಪಾರಿಗೆ, ಆಮೇಲೆ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಗೆ ಇಳಿಸಲಾಯಿತು. ನಡತೆ ಸರಿಯಿದ್ದರೆ ರಾಜ್ಯ ಮರಳುವ ಆಸೆಯೂ ಉಳಿದಿತ್ತು. ಇಪ್ಪತ್ನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಈ ರಾಜರ ಜಾತಕದಲ್ಲಿ ಬರೆದಿತ್ತಂತೆ. ಅರಮನೆಯವರು ಅದನ್ನು ಟೇಲರ್ ಅವರಿಗೆ ಎಷ್ಟೋ ಮೊದಲೇ ತಿಳಿಸಿದ್ದರು. ಸೆರೆಗೆ ಒಯ್ಯುವ ದಾರಿಯಲ್ಲಿ, ಡೇರೆಯೊಳಗೆ, ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರಿನ ಗುಂಡು ತಗುಲಿ ರಾಜರು ತೀರಿಹೋದರು. ತಾವೇ ಹೊಡೆದುಕೊಂಡರೋ, ಕೈತಪ್ಪಿ ಹಾರಿತೋ ಎಂಬ ಪ್ರಶ್ನೆ ಅಂದೇ ಎದ್ದಿತ್ತು. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಅದೇ ವರ್ಷ ಟೇಲರ್ ಆರೋಗ್ಯ ಕೆಟ್ಟು ಹಿಂದೂಸ್ತಾನ ಬಿಟ್ಟರು. 1876ರಲ್ಲಿ ಫ್ರಾನ್ಸಿನ ಮಾಂತೋಂ ಊರಿನಲ್ಲಿ ಕೊನೆಯುಸಿರೆಳೆದರು.

ಆತ್ಮಕಥೆಯನ್ನು ಮರುವರ್ಷ ಹೊರತಂದವರು ಮಗಳು ಆಲಿಸ್. ವೆಂಕಟಪ್ಪ ನಾಯಕರ ಬಾಲ್ಯದ ಬಗ್ಗೆ ನಾವು ಹೇಳುವ ಬಹುಪಾಲು ಮಾತು ಬಂದಿರುವುದು ಆ ಪುಸ್ತಕದಿಂದಲೇ. ಅದನ್ನು ಪ್ರೀತಿಯಿಂದ ಓದಬೇಕು, ಆದರೆ ಎಚ್ಚರ ತಪ್ಪಬಾರದು. ಅಲ್ಲಿ ರಾಣಿ ಈಶ್ವರಮ್ಮ ಬರೀ ಹಟಮಾರಿ, ಕುತಂತ್ರಿ. ಗಂಡ ಸತ್ತ ಕೂಡಲೇ ಪರದೇಶಿ ಅಧಿಕಾರಿಯೊಬ್ಬ ಮಗನನ್ನೂ ರಾಜ್ಯವನ್ನೂ ವಹಿಸಿಕೊಳ್ಳುವುದನ್ನು ಕಂಡ ತಾಯಿಯೊಬ್ಬಳ ಸಂಕಟ ಅಲ್ಲಿಲ್ಲ. ಆಕೆಯ ಕಡೆಯ ಕಥೆಯನ್ನು ಬರೆಯಬೇಕಾದವರು ಈ ನಾಡಿನವರೇ. ಮನೆತನವಂತೂ ಇಲ್ಲೇ ಇದೆ: ರಾಜರ ಹೆಸರನ್ನೇ ಹೊತ್ತಿದ್ದ ಸುರಪುರದ ಶಾಸಕ ರಾಜಾ ವೆಂಕಟಪ್ಪ ನಾಯಕರು 2024ರ ಫೆಬ್ರುವರಿಯಲ್ಲಿ ನಿಧನರಾದಾಗ, ಉಪಚುನಾವಣೆಯಲ್ಲಿ ಅದೇ ಕ್ಷೇತ್ರದಿಂದ ಗೆದ್ದು ಬಂದವರು ಅವರ ಮಗ ರಾಜಾ ವೇಣುಗೋಪಾಲ ನಾಯಕರು.