ಕಂಟೇನರ್ ಎಂಬ ಇಲ್ಲದ ಡಬ್ಬಿ

ಮಳವಳ್ಳಿ ಕಡೆಯ ಗ್ರಂಥಪಾಲಕರೊಬ್ಬರು ಕೇಳಿದ್ದಾರೆ: ‘ನಮ್ಮ ಕಾಲೇಜಿಗೆ ಹೊಸ ಕಂಪ್ಯೂಟರ್ ಬಂತು. ಹುಡುಗರು ಅದಕ್ಕೆ ಉಬುಂಟು ಹಾಕಿ, ಡಾಕರ್ ಮೂಲಕ ಗ್ರಂಥಾಲಯದ ಸಾಫ್ಟ್‌ವೇರ್ ಕೂರಿಸಿದರು. ಯಂತ್ರದೊಳಗೆ ಈಗ ಮೂರು ಪುಟ್ಟ ಕಂಪ್ಯೂಟರುಗಳಿವೆ ಸರ್ ಎಂದರು. ಅವುಗಳಲ್ಲೊಂದು ಆಗಾಗ 137 ಎಂದು ತೋರಿಸಿ ನಿಂತುಬಿಡುತ್ತದೆ. ಯಂತ್ರದ ಪೂಜೆ ಸರಿಯಾಗಿ ಆಗಿಲ್ಲ, ಇನ್ನೊಂದು ನಿಂಬೆಹಣ್ಣು ಇಡಿ ಎಂದು ಕೆಲವರು ಅನ್ನುತ್ತಿದ್ದಾರೆ. ಏನಿದು 137?’

137ರ ವಿಚಾರಕ್ಕೆ ಬರೋಣ. ಅದಕ್ಕೂ ಮೊದಲು ಆ ‘ಪುಟ್ಟ ಕಂಪ್ಯೂಟರ್’ ಎಂಬ ಮಾತನ್ನು ತಿದ್ದಬೇಕು. ಇಂಜಿನಿಯರಿಂಗ್ ಓದಿದವರೂ ಹೀಗೇ ಹೇಳುವುದನ್ನು ಮಂಡ್ಯದಲ್ಲೂ ಕೇಳಿದ್ದೇನೆ, ಬೆಂಗಳೂರಿನಲ್ಲೂ ಕೇಳಿದ್ದೇನೆ. ನಿಜ ಸಂಗತಿ ಇದಕ್ಕಿಂತ ಸೊಗಸಾಗಿದೆ. ಹುಡುಗರು ಪುಟ್ಟ ಕಂಪ್ಯೂಟರ್ ಎನ್ನುವುದಕ್ಕೆ ಸರಿಯಾದ ಹೆಸರು ಕಂಟೇನರ್. ಉಬುಂಟು ಲಿನಕ್ಸ್‌ನ ಒಂದು ಬಗೆ; ಆದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಪೂರ್ತಿ ಜಾಲಾಡಿದರೂ ಕಂಟೇನರ್ ಎಂಬ ವಸ್ತು ಸಿಗುವುದಿಲ್ಲ. ಅಲ್ಲಿರುವುದು ಎಲ್ಲ ಪ್ರೋಗ್ರಾಮುಗಳಂತೆ ಓಡುವ ಮಾಮೂಲಿ ಪ್ರೋಸೆಸ್. ಕರ್ನಲ್ ಅದಕ್ಕೆ ಒಂದಿಷ್ಟು ಸುಳ್ಳು ಹೇಳುತ್ತದೆ, ಒಂದಿಷ್ಟು ಪಡಿತರ ಕೊಡುತ್ತದೆ. ಈ ಎರಡು ಕೆಲಸ ಸೇರಿದರೆ ಕಂಟೇನರ್.

ಸುಳ್ಳನ್ನು ಕಣ್ಣಾರೆ ನೋಡಬಹುದು. ಕಂಟೇನರ್ ಒಳಗೆ ಹೋಗಿ, ಓಡುತ್ತಿರುವ ಪ್ರೋಸೆಸ್‌ಗಳ ಪೂರ್ಣ ಪಟ್ಟಿ ಬರುವಂತೆ ‘ಪಿಎಸ್’ ಆಜ್ಞೆ ಕೊಡಿ. ನಾಲ್ಕೈದು ಸಾಲು ಬರುತ್ತದೆ, ಅಷ್ಟೆ. ಡೇಟಾಬೇಸ್ ಸರ್ವರಿನ ಎದುರು ಪ್ರೋಸೆಸ್ ಸಂಖ್ಯೆ 1 ಎಂದಿರುತ್ತದೆ. ಲಿನಕ್ಸ್‌ನಲ್ಲಿ 1 ಎಂದರೆ ಯಂತ್ರ ಚಾಲೂ ಆದಾಗ ಮೊದಲು ಹುಟ್ಟಿದ, ಉಳಿದೆಲ್ಲಕ್ಕೂ ಮೂಲವಾದ ಪ್ರೋಸೆಸ್. ಈಗ ಹೊರಗೆ ಬಂದು ಅದೇ ಆಜ್ಞೆಯನ್ನು ಕೊಡಿ. ನೂರಾರು ಸಾಲುಗಳ ನಡುವೆ ಅದೇ ಡೇಟಾಬೇಸ್ 4217 ಎಂದೋ 9830 ಎಂದೋ ಮಾಮೂಲಿ ನಂಬರ್ ಹೊತ್ತು ಕೂತಿರುತ್ತದೆ. ಪ್ರೋಸೆಸ್ ಒಂದೇ, ನಂಬರ್ ಎರಡು. ಒಳಗಿನವರಿಗೆ ಹೊರಗೊಂದು ಲೋಕವಿದೆ ಎಂಬುದೇ ತಿಳಿಯದು. ಇದನ್ನು ಮೊದಲ ಸಲ ನೋಡಿದಾಗ ನಾನು ಒಳಗೂ ಹೊರಗೂ ಓಡಾಡಿ ಮತ್ತೆ ಮತ್ತೆ ಟೈಪಿಸಿ ಖುಷಿಪಟ್ಟಿದ್ದೇನೆ.

ಈ ಮರೆಮಾಚುವ ಸೌಲಭ್ಯಕ್ಕೆ ನೇಮ್‌ಸ್ಪೇಸ್ ಎಂದು ಹೆಸರು. ಇಂದಿನ ಲಿನಕ್ಸ್‌ನಲ್ಲಿ ಇದು ಎಂಟು ಬಗೆ. ಫೈಲುಗಳನ್ನು ಮರೆಮಾಚಲು ಒಂದು, ನೆಟ್‌ವರ್ಕ್‌ಗೆ ಒಂದು, ಪ್ರೋಸೆಸ್ ಸಂಖ್ಯೆಗೆ ಒಂದು, ಹೀಗೆ. ಮೊದಲನೆಯದು ಬಂದದ್ದು 2002ರಲ್ಲಿ. ಬೇರು ಇನ್ನೂ ಹಿಂದಿನದು. ಪ್ರೋಗ್ರಾಮಿಗೆ ಒಂದು ಫೋಲ್ಡರನ್ನೇ ಇಡೀ ಡಿಸ್ಕ್ ಎಂದು ನಂಬಿಸುವ ಉಪಾಯ 1979ರ ಯುನಿಕ್ಸ್‌ನಲ್ಲೇ ಇತ್ತು. ಚದುರಿಹೋಗಿದ್ದ ಈ ಸಾಮಗ್ರಿಯನ್ನೆಲ್ಲ ಒಂದೇ ಆಜ್ಞೆಗೆ ಒಗ್ಗುವಂತೆ ಕಟ್ಟಿ, 2013ರ ಮಾರ್ಚ್‌ನಲ್ಲಿ ಅಮೆರಿಕದ ಸಾಂತಾ ಕ್ಲಾರಾದ ಪೈಥಾನ್ ಸಮ್ಮೇಳನದ ಒಂದು ಕಿರುಭಾಷಣದಲ್ಲಿ ಸಾಲೊಮನ್ ಹೈಕ್ಸ್ ತೋರಿಸಿದರು. ಅದೇ ಡಾಕರ್.

ಇದರ ಲಾಭ ಏನೆಂದು ಮದ್ದೂರಿನವರಿಗೆ ಬೇಗ ಹೊಳೆಯಬೇಕು. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಮೊದಲು ಪ್ರಯೋಗಕ್ಕೆ ಬಂದದ್ದು ಮದ್ದೂರು ತಾಲ್ಲೂಕಿನಲ್ಲಿ. ಆಮೇಲೆ ಅದು 177 ತಾಲ್ಲೂಕುಗಳಿಗೆ, ಸುಮಾರು 2 ಕೋಟಿ ಪಹಣಿಗಳಿಗೆ ಹಬ್ಬಿತು. ಒಂದು ಕಡೆ ಓಡಿದ ಸಾಫ್ಟ್‌ವೇರ್ ಇನ್ನೊಂದು ಕಡೆಯೂ ಹಾಗೆಯೇ ಓಡಬೇಕೆಂದರೆ ಅದರ ಜೊತೆಗಿರಬೇಕಾದ ಲೈಬ್ರರಿಗಳು, ಆವೃತ್ತಿಗಳು, ಸೆಟ್ಟಿಂಗುಗಳು ಎಲ್ಲವೂ ಒಂದೇ ಆಗಿರಬೇಕು. ‘ಭೂಮಿ’ಯ ಕಾಲಕ್ಕೆ ಡಾಕರ್ ಇರಲಿಲ್ಲ. ಇಂದು ಕಂಟೇನರ್ ಶುರುಮಾಡಲು ಬಳಸುವ ಇಮೇಜ್ ಎಂಬ ಕಟ್ಟಿನಲ್ಲಿ ಇವೆಲ್ಲ ಒಟ್ಟಿಗೇ ಬರುತ್ತವೆ. ಅದರಲ್ಲಿ ಬಾರದಿರುವುದು ಕರ್ನಲ್ ಮಾತ್ರ. ಉಬುಂಟು ಯಂತ್ರದಲ್ಲಿ ಇನ್ನೊಂದು ಬಗೆಯ ಲಿನಕ್ಸ್ ಆದ ಆಲ್ಪೈನ್‌ನ ಇಮೇಜ್ ಓಡಿಸಿ, ಒಳಗಿನಿಂದ ಕರ್ನಲ್ ಆವೃತ್ತಿ ಕೇಳಿನೋಡಿ, ಉಬುಂಟುವಿನದೇ ಉತ್ತರ ಬರುತ್ತದೆ. ಮೂರಕ್ಕೂ ಕರ್ನಲ್ ಒಂದೇ ಆದಮೇಲೆ ಮೂರು ಕಂಪ್ಯೂಟರುಗಳೆಂದು ಹೇಳುವುದು ಹೇಗೆ? ಕಂಟೇನರ್ ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಗುವುದೂ ಇದಕ್ಕೇ. ಬೂಟ್ ಆಗಬೇಕಾದ್ದು ಏನೂ ಇಲ್ಲ.

ಇನ್ನು ಪಡಿತರದ ಮಾತು. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಕಟ್ಟು ನೀರು ಗೊತ್ತೇ ಇದೆ. ಇಷ್ಟು ದಿನ ನೀರು, ಇಷ್ಟು ದಿನ ತೂಬು ಬಂದ್. ಕರ್ನಲ್ ಸಿಪಿಯು ಹಂಚುವುದು ತದ್ವತ್ ಹೀಗೆಯೇ, ದಿನದ ಬದಲು ಮಿಲಿಸೆಕೆಂಡಿನ ಲೆಕ್ಕ. ಮಾಮೂಲಿ ಸರದಿ 100 ಮಿಲಿಸೆಕೆಂಡು. ಕಂಟೇನರಿಗೆ ಅರ್ಧ ಸಿಪಿಯು ಸಾಕು ಎಂದು ನೀವು ಬರೆದರೆ ಪ್ರತಿ ಸರದಿಯಲ್ಲಿ ಅದಕ್ಕೆ 50 ಮಿಲಿಸೆಕೆಂಡಿನ ಪಾಲು. ಪಾಲು ತೀರಿತೋ, ಸೌಡಿ ತೂಬು ಇಳಿಸಿದಂತೆ ಕರ್ನಲ್ ಅದನ್ನು ನಿಲ್ಲಿಸುತ್ತದೆ. ಒಳಗಿನ ಪ್ರೋಗ್ರಾಮು ನಾಲ್ಕು ಎಳೆಗಳಲ್ಲಿ, ಅಂದರೆ ನಾಲ್ಕು ಸಿಪಿಯುಗಳ ಮೇಲೆ, ಒಟ್ಟಿಗೇ ಓಡಿದರೆ 12.5 ಮಿಲಿಸೆಕೆಂಡಿಗೇ ಪಾಲು ಖಾಲಿ. ಉಳಿದ 87.5 ಮಿಲಿಸೆಕೆಂಡು, ಪಕ್ಕದಲ್ಲಿ ಸಿಪಿಯು ಬಿಡುವಾಗಿದ್ದರೂ, ಕಾಯುತ್ತ ಕೂರಬೇಕು. ‘ಯಂತ್ರದ ಮೇಲೆ ಹೊರೆಯೇ ಇಲ್ಲ, ಆದರೂ ಸಾಫ್ಟ್‌ವೇರ್ ತೆವಳುತ್ತಿದೆ’ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಈ ಹಂಚಿಕೆಯ ವ್ಯವಸ್ಥೆಗೆ ಸಿಗ್ರೂಪ್ ಎಂದು ಹೆಸರು. 2006ರಲ್ಲಿ ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ ಇದನ್ನು ಶುರುಮಾಡಿದರು. 2008ರ ಜನವರಿಯಲ್ಲಿ ಲಿನಕ್ಸ್ 2.6.24ರೊಳಗೆ ಬಂತು. ಆದರೆ ಪ್ರೋಸೆಸ್ ಗುಂಪುಗಳ ನಡುವೆ ಸಿಪಿಯು ಹಂಚುವ ಭಾಗ ಬರೆದದ್ದು ಐಬಿಎಂನ ಶ್ರೀವತ್ಸ ವಡ್ಡಗಿರಿ. ಮೆಮೊರಿಗೆ ಮಿತಿ ಹಾಕುವ ಭಾಗ ಐಬಿಎಂನವರೇ ಆದ ಬಲ್ಬೀರ್ ಸಿಂಗ್ ಅವರದು. ಮೇಲೆ ಹೇಳಿದ ಸರದಿ ಲೆಕ್ಕ 2012ರ ಜನವರಿಯಲ್ಲಿ ಲಿನಕ್ಸ್ 3.2ರೊಂದಿಗೆ ಬಂತು. ಗೂಗಲ್‌ನ ಪಾಲ್ ಟರ್ನರ್ ಜೊತೆ ಅದಕ್ಕೆ ದುಡಿದವರಲ್ಲಿ ಐಬಿಎಂನ ಬೆಂಗಳೂರು ಕೇಂದ್ರದ ಭರತ ಬಿ. ರಾವ್ ಒಬ್ಬರು. ಇಂದು ಜಗತ್ತಿನ ದೊಡ್ಡ ದೊಡ್ಡ ಸರ್ವರ್ ಕೇಂದ್ರಗಳು ನಡೆಯುತ್ತಿರುವುದು ಈ ಕೋಡಿನ ಮೇಲೆ. ನಮ್ಮ ಕಾಲೇಜುಗಳಲ್ಲಿ ಡಾಕರ್ ಪಾಠ ಮಾಡುವವರು ಈ ಹೆಸರುಗಳನ್ನು ಒಂದು ಸಲವಾದರೂ ಹೇಳಬಾರದೆ?

ಈಗ 137. ಸಿಪಿಯು ಸಾಲದಿದ್ದರೆ ಪ್ರೋಗ್ರಾಮನ್ನು ಕಾಯಿಸಬಹುದು. ಮೆಮೊರಿ ಸಾಲದಿದ್ದರೆ ಕಾಯಿಸಿ ಪ್ರಯೋಜನವಿಲ್ಲ, ಏಕೆಂದರೆ ಹಿಡಿದ ಜಾಗವನ್ನು ಬಿಡದೆ ಅದು ಮತ್ತಷ್ಟು ಕೇಳುತ್ತಿರುತ್ತದೆ. ಆದ್ದರಿಂದ ಮಿತಿ ಮೀರಿದ ಕಂಟೇನರಿನ ಪ್ರೋಸೆಸ್ಸನ್ನು ಕರ್ನಲ್ ಕೊಂದುಹಾಕುತ್ತದೆ. ಕೊಲ್ಲುವ ಸಂಕೇತದ ಸಂಖ್ಯೆ 9. ಸಂಕೇತದಿಂದ ಸತ್ತದ್ದಕ್ಕೆ 128 ಸೇರಿಸಿ ಹೇಳುವುದು ಯುನಿಕ್ಸ್ ಲೋಕದ ಹಳೆಯ ರೂಢಿ. 128ಕ್ಕೆ 9 ಕೂಡಿದರೆ 137. ಸತ್ತದ್ದು ಒಳಗಿನ 1ನೇ ಪ್ರೋಸೆಸ್ ಆಗಿದ್ದರೆ ಕಂಟೇನರಿನ ಉಳಿದ ಪ್ರೋಸೆಸ್‌ಗಳೂ ಅದರೊಂದಿಗೇ ಹೋಗುತ್ತವೆ. ಬೇರೆ ಯಾರಾದರೂ ಬಲವಂತವಾಗಿ ನಿಲ್ಲಿಸಿದರೂ ಇದೇ ಸಂಖ್ಯೆ ಬರುವುದರಿಂದ ‘ಡಾಕರ್ ಇನ್‌ಸ್ಪೆಕ್ಟ್’ ಕೊಟ್ಟು ‘ಓಓಎಂ ಕಿಲ್ಡ್’ ಎಂಬ ಸಾಲು ನೋಡಬೇಕು. ಅಲ್ಲಿ ‘ಟ್ರೂ’ ಎಂದಿದ್ದರೆ ಮೆಮೊರಿ ಮಿತಿ ಹೆಚ್ಚಿಸಿ, ಅಥವಾ ಒಳಗಿನ ಸಾಫ್ಟ್‌ವೇರಿಗೆ ಕಡಿಮೆ ಬಳಸಲು ಹೇಳಿ.

ನಿಂಬೆಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಪೂಜೆ ಮಾಡುವವರು ಮಾಡಲಿ; ಕುಂಕುಮವನ್ನು ಮಾತ್ರ ಗಾಳಿ ಕಿಂಡಿಯ ಹತ್ತಿರ ಹಚ್ಚಬೇಡಿ. ಫ್ಯಾನು ಅದನ್ನು ಒಳಗೆಳೆದು, ಸಿಪಿಯು ಮೇಲಿನ ಲೋಹದ ರೆಕ್ಕೆಗಳ ನಡುವೆ ಕೆಂಪು ಹಿಟ್ಟು ಮೆತ್ತಿದ್ದನ್ನು ನಾನೇ ಬಿಚ್ಚಿ ನೋಡಿದ್ದೇನೆ. ನಿಂಬೆಹಣ್ಣಿಗಿಂತ ದೊಡ್ಡ ಮೂಢನಂಬಿಕೆ ಓದಿದವರದು. ಎಲ್ಲೋ ಸಿಕ್ಕ ಆಜ್ಞೆಯನ್ನು ಅರ್ಥ ತಿಳಿಯದೆ ಮಂತ್ರದಂತೆ ಟೈಪಿಸುವುದು, ಓಡದಿದ್ದರೆ ಮುಂದೆ ಪೂರ್ಣಾಧಿಕಾರದ ‘ಸುಡೋ’ ಸೇರಿಸುವುದು, ಆಗಲೂ ಓಡದಿದ್ದರೆ ಕಂಟೇನರಿಗೆ ‘ಪ್ರಿವಿಲೆಜ್ಡ್’ ಅಧಿಕಾರ ಕೊಡುವುದು. ಸಿಕ್ಕಸಿಕ್ಕವರನ್ನೆಲ್ಲ ‘ಡಾಕರ್’ ಎಂಬ ಬಳಕೆದಾರರ ಗುಂಪಿಗೆ ಸೇರಿಸುವುದೂ ಯಂತ್ರದ ಪೂರ್ಣಾಧಿಕಾರವನ್ನು ಹಂಚಿದಂತೆಯೇ. ಉಬುಂಟುವಿನ ಫೈರ್‌ವಾಲ್ ಹಾಕಿ ನೆಮ್ಮದಿಯಾಗಿರುವವರಿಗೂ ಒಂದು ಎಚ್ಚರಿಕೆ: ಡಾಕರ್ ಹೊರಕ್ಕೆ ತೆರೆಯುವ ಪೋರ್ಟುಗಳಿಗೆ ಆ ತಡೆ ಸಾಮಾನ್ಯವಾಗಿ ತಾಗುವುದೇ ಇಲ್ಲ.

ಗ್ರಂಥಪಾಲಕರೇ, ನಿಮ್ಮ ಹುಡುಗರನ್ನು ಇವತ್ತೇ ಒಂದು ಪ್ರಶ್ನೆ ಕೇಳಿ: ಡೇಟಾಬೇಸ್ ಬರೆದುಕೊಳ್ಳುತ್ತಿರುವುದು ಎಲ್ಲಿ? ಕಂಟೇನರಿನೊಳಗೇ ಬರೆಯುತ್ತಿದ್ದರೆ, ಅದನ್ನು ಅಳಿಸಿ ಹೊಸದು ಹಾಕಿದ ದಿನ ನಿಮ್ಮ ಪುಸ್ತಕಗಳ ಪಟ್ಟಿ, ಯಾರು ಏನು ಒಯ್ದಿದ್ದಾರೆಂಬ ಲೆಕ್ಕ, ಎಲ್ಲವೂ ಅದರೊಂದಿಗೇ ಹೋಗುತ್ತದೆ. ಆ ಮಾಹಿತಿಯನ್ನು ಕಂಟೇನರಿನ ಹೊರಗೆ ಉಳಿಯುವ ‘ವಾಲ್ಯೂಮ್’ನಲ್ಲಿ ಇಡಿಸಿ, ಬೇರೊಂದು ಡಿಸ್ಕಿಗೆ ಬ್ಯಾಕಪ್ ತೆಗೆಸಿ. ಮೆಮೊರಿ ಮಿತಿಯನ್ನು ಆಮೇಲೆ ಸರಿಪಡಿಸಿದರೂ ನಡೆಯುತ್ತದೆ, ಇದು ಮಾತ್ರ ಮೊದಲು ಆಗಲಿ.